ಬೇಜ್ ಡೋರ್ ಪ್ಯಾಡ್ ಕಪ್ಪಾದದ್ದು: ಜೆ.ಸಿ. ರಸ್ತೆಯ ಒಂದು ಪೇಂಟಿಂಗ್ ಕೆಲಸದ ವಿಮರ್ಶೆ

ನಮ್ಮದು 2010ರ ವ್ಯಾಗನ್‌ಆರ್. ಷೋರೂಮಿನಲ್ಲಿ ನೋಡಿದಾಗ ಕಾರಿನ ಒಳಗನ್ನು ವಿಶಾಲವಾಗಿ ಕಾಣಿಸಿದ್ದ ಬೇಜ್ (ತಿಳಿ ಕಂದು) ಬಣ್ಣವು, ಇಷ್ಟು ವರ್ಷಗಳ ಕೈಬೆವರು, ಮಕ್ಕಳ ಚಪ್ಪಲಿ ಹಾಗೂ ಬೆಂಗಳೂರಿನ ಧೂಳನ್ನು ಕಂಡ ಮೇಲೆ ಎಷ್ಟು ಉಜ್ಜಿದರೂ ಉಜ್ಜದಂತೆಯೇ ಉಳಿಯತೊಡಗಿತ್ತು. ಸೀಟಿನ ಕೊಳೆಯನ್ನು ಕವರ್ ಹಾಕಿ ಮರೆಸಬಹುದು, ಡೋರ್ ಪ್ಯಾಡಿಗೆ, ಅಂದರೆ ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಹೊದಿಕೆಗೆ, ಆ ಉಪಾಯವಿಲ್ಲ. ಆದ್ದರಿಂದ ನಾಲ್ಕು ಡೋರ್ ಪ್ಯಾಡ್, ಡ್ಯಾಶ್‌ಬೋರ್ಡಿನ ಕೆಳಭಾಗ ಮತ್ತು ಗೇರ್ ಸುತ್ತಲಿನ ಕನ್ಸೋಲನ್ನು ಕಪ್ಪು ಮಾಡಿಸಲು ಜೆ.ಸಿ. ರಸ್ತೆಯ ಒಳಗಲ್ಲಿಯೊಂದರ ಸಣ್ಣ ವರ್ಕ್‌ಶಾಪಿಗೆ ಕೊಟ್ಟೆ. ಒಟ್ಟು 8,500 ರೂಪಾಯಿ ಆಯಿತು.

ನಾನು ಕೇಳಿದ್ದು ‘ಡೈ’ ಮಾಡಿಕೊಡಿ ಎಂದು. ಮೇಸ್ತ್ರಿಯವರು ನಕ್ಕು, “ಬೋರ್ಡಲ್ಲಿ ಡೈ ಅಂತ ಬರ್ದಿರ್ತೀವಿ ಸಾರ್, ಹೊಡೆಯೋದು ಪೇಂಟೇ” ಎಂದರು. ಈ ಪ್ರಾಮಾಣಿಕತೆಗೆ ನಾನು ಮೊದಲ ಅಂಕ ಕೊಡುತ್ತೇನೆ. ಡೈ ಎಂದರೆ ವಸ್ತುವಿನ ಒಳಕ್ಕೇ ಇಳಿಯುವ ಬಣ್ಣ, ಪೇಂಟ್ ಮೇಲೆ ಕೂರುವ ಪದರ. ಬಟ್ಟೆ, ಚರ್ಮ, ಬಿಸಿನೀರಿನಲ್ಲಿ ಅದ್ದಿದ ನೈಲಾನ್ ಇವು ಬಣ್ಣವನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ಕಾರಿನೊಳಗಿನ ಹೆಚ್ಚಿನ ಗಟ್ಟಿ ಪ್ಲಾಸ್ಟಿಕ್ ಹಾಗೆ ಹೀರುವುದಿಲ್ಲ. ವಿನೈಲ್ ಡೈ ಎಂದು ಡಬ್ಬಿಗಳಲ್ಲಿ ಮಾರುವುದೂ ಬಾಗಿದರೆ ಬಿರುಕು ಬಿಡದಂತಹ ತೆಳು ಪೇಂಟೇ ಆಗಿದೆ.

ಬಿಚ್ಚಿದ ಡೋರ್ ಪ್ಯಾಡಿನ ಹಿಂಬದಿಯನ್ನು ಅವರು ನನಗೆ ತೋರಿಸಿದರು. ಅಲ್ಲಿ ‘ಪಿಪಿ-ಟಿ20’ ಎಂಬ ಅಚ್ಚು ಇತ್ತು; ಅಂದರೆ ಶೇಕಡಾ 20ರಷ್ಟು ಟಾಲ್ಕ್ ಎಂಬ ಖನಿಜದ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯೂ ಸಾಮಾನ್ಯವಾಗಿ ಇದೇ ಜಾತಿಯದು, ಇದಕ್ಕೆ ಅಂಟು, ಬಣ್ಣ ಯಾವುದೂ ಸುಲಭವಾಗಿ ಹಿಡಿಯುವುದಿಲ್ಲ. ಎಬಿಎಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಅಚ್ಚಿರುವ ಭಾಗಕ್ಕೆ ಬಣ್ಣ ಸಲೀಸಾಗಿ ಕೂರುತ್ತದೆ, ಪಿಪಿಗಾದರೋ ಮೊದಲು ಹಿಡಿತಕ್ಕೆಂದೇ ತಯಾರಾದ ಪ್ಲಾಸ್ಟಿಕ್ ಪ್ರೈಮರನ್ನು ತೆಳುವಾಗಿ ಹೊಡೆಯಲೇಬೇಕು.

ಅದಕ್ಕಿಂತ ದೊಡ್ಡ ತೊಡಕನ್ನು ತಂದಿಟ್ಟವನು ನಾನೇ. ವರ್ಷಗಟ್ಟಲೆ ಪ್ರತಿ ಭಾನುವಾರ ಡ್ಯಾಶ್‌ಬೋರ್ಡ್ ಪಾಲಿಶ್ ಬಳಿದು ಹೊಳೆಯಿಸಿದ್ದೆ. ಅಂತಹ ಪಾಲಿಶಿನಲ್ಲಿರುವ ಸಿಲಿಕೋನ್ ಸ್ವಲ್ಪ ಉಳಿದರೂ ಮೇಲೆ ಬಿದ್ದ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಗುಳಿಗಳಾಗುತ್ತವೆ. ಅವರು ಪ್ಯಾಡುಗಳನ್ನು ಪಾತ್ರೆ ತೊಳೆಯುವ ಸೋಪು ಮತ್ತು ಬ್ರಷ್ಷಿನಿಂದ ಎರಡು ಸಲ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರು. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಾಕಿದರೆ ಚರ್ಮದಂತಿರುವ ಅಚ್ಚುಗೆರೆಗಳು ಸವೆದುಹೋಗುತ್ತವೆ ಎಂಬ ಕಾರಣಕ್ಕೆ ಬೂದು ಬಣ್ಣದ ನಾರಿನ ಪ್ಯಾಡಿನಿಂದ ಮೆಲ್ಲನೆ ಉಜ್ಜಿದರು. ಬಣ್ಣವನ್ನು ಒಮ್ಮೆಲೇ ದಪ್ಪವಾಗಿ ಹೊಡೆಯದೆ, ಹತ್ತು ಹದಿನೈದು ನಿಮಿಷಗಳ ಬಿಡುವು ಕೊಟ್ಟು ಮೂರು ತೆಳು ಕೋಟುಗಳಲ್ಲಿ ಮುಗಿಸಿದ್ದರಿಂದ ಆ ಗೆರೆಗಳು ಇಂದಿಗೂ ಬೆರಳಿಗೆ ಸಿಗುತ್ತವೆ. ಹೊಳಪು ಬೇಕೇ ಎಂಬ ಪ್ರಶ್ನೆಗೆ ನಾನು ಮ್ಯಾಟ್ ಎಂದೆ. ಕಾರಿನೊಳಗೆ ಹೊಳಪಿನ ಬಣ್ಣ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಸಾಲದ್ದಕ್ಕೆ ಅಗ್ಗವಾಗಿಯೂ ಕಾಣುತ್ತದೆ.

ಕೆಲಸ ಹಿಡಿಯುವ ಮೊದಲೇ ಏರ್‌ಬ್ಯಾಗ್ ಇದೆಯೇ ಎಂದು ಅವರು ವಿಚಾರಿಸಿದ್ದರು. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ನನ್ನ ಕಾರಿನಲ್ಲಿ ಅದಿಲ್ಲ. ಇರುವ ಕಾರುಗಳಲ್ಲಿ, ಸೀಳಿಕೊಂಡು ತೆರೆಯಬೇಕಾದ ಆ ಮುಚ್ಚಳಕ್ಕೆ ಬಣ್ಣ ಹೊಡೆಯುವುದಿಲ್ಲ ಎಂಬುದು ಅವರ ನಿಯಮ. ಸರಿಯಾದ ನಿಯಮ.

ಮೂರು ದಿನವೆಂದದ್ದು ಐದು ದಿನವಾಯಿತು. ಜಡಿಮಳೆಯ ತೇವದಲ್ಲಿ ಹೊಡೆದರೆ ಬಣ್ಣ ಬೆಳ್ಳಗೆ ಮಂಕಾಗಬಹುದಾದ್ದರಿಂದ ಆ ವಿಳಂಬದ ಬಗ್ಗೆ ನನ್ನ ತಕರಾರಿಲ್ಲ. ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿದಾಗ ಹತ್ತು ದಿನಗಳವರೆಗೂ ಥಿನ್ನರ್ ವಾಸನೆ ಬರುತ್ತಿತ್ತು ಎಂಬುದನ್ನು ಮಾತ್ರ ಮೊದಲೇ ಹೇಳಬೇಕಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಸಣ್ಣ ವಿಷಯವಲ್ಲ.

ನಾಲ್ಕನೆಯ ತಿಂಗಳಲ್ಲಿ ಚಾಲಕನ ಬಾಗಿಲನ್ನು ಎಳೆದುಕೊಳ್ಳುವ ಹಿಡಿಯ ಒಳಗುಳಿಯಲ್ಲಿ, ಉಗುರು ತಾಗುವ ಕಡೆ, ಬಣ್ಣ ಎದ್ದಿತು. ಬಣ್ಣ ಸವೆದಿದ್ದರೆ ಅಂಚು ತೆಳುವಾಗುತ್ತಾ ಹೋಗಬೇಕಿತ್ತು, ಇಲ್ಲಿ ಅದು ಈರುಳ್ಳಿ ಸಿಪ್ಪೆಯಂತೆ ಹಾಳೆಯಾಗಿ ಬಂದು ಕೆಳಗೆ ಶುಭ್ರವಾದ ಬೇಜ್ ಕಾಣಿಸಿತು. ಆ ಗುಳಿಯೊಳಗೆ ಪ್ರೈಮರ್ ತಲುಪಿಯೇ ಇರಲಿಲ್ಲ ಎಂಬುದು ನನ್ನ ತೀರ್ಮಾನ. ಮೇಸ್ತ್ರಿಯವರು ವಾದಿಸದೆ, ಆ ಪ್ಯಾಡನ್ನು ಮತ್ತೆ ಬಿಚ್ಚಿ ಹಣ ಪಡೆಯದೆ ಸರಿಪಡಿಸಿದರು, ಉಳಿದ ಬಣ್ಣವನ್ನೂ ಒಂದು ಸಣ್ಣ ಸೀಸೆಯಲ್ಲಿ ಹಾಕಿಕೊಟ್ಟರು. ಎರಡು ಸಲ ಬಿಚ್ಚಿ ಕೂರಿಸಿದ್ದರಲ್ಲಿ ಮುರಿದ, ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವ ಎರಡು ಕ್ಲಿಪ್ಪುಗಳನ್ನು ಮಾತ್ರ ಬದಲಿಸಲಿಲ್ಲ. ರಸ್ತೆ ಉಬ್ಬು ಬಂದಾಗಲೆಲ್ಲ ಆ ಬಾಗಿಲು ಈಗಲೂ ಕಟಕಟ ಎನ್ನುತ್ತದೆ. ನೀವು ಅಂತಹ ಕಡೆ ಕಾರು ಕೊಡುವುದಾದರೆ ಒಂದು ಹಿಡಿ ಹೊಸ ಕ್ಲಿಪ್ಪುಗಳನ್ನು ಪಕ್ಕದ ಬಿಡಿಭಾಗಗಳ ಅಂಗಡಿಯಿಂದ ಮೊದಲೇ ತಂದು ಅವರ ಕೈಗಿಡಿ.