ಬಣ್ಣದ ಅಕ್ರಿಲಿಕ್ ಆಭರಣದ ಕಿಟ್: ಹಾಳೆ ಉತ್ತಮ, ಅಂಟು ಸಾಧಾರಣ

ಮನೆಯಲ್ಲೇ ಓಲೆ, ಪದಕ, ಬಳೆಗಳನ್ನು ಮಾಡಿಕೊಳ್ಳಲು ನೆರವಾಗುವ ಈ ಕಿಟ್‌ನಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು 3 ಮಿ.ಮೀ. ದಪ್ಪದ ಬಣ್ಣದ ಹಾಳೆಗಳು. ಎರಕ ಹೊಯ್ದು ತಯಾರಿಸಿದ ಅಕ್ರಿಲಿಕ್ ಪ್ಲಾಸ್ಟಿಕ್ ಆದ್ದರಿಂದ ಇವು ಗರಗಸದ ಬಿಸಿಗೆ ಸುಲಭವಾಗಿ ಕರಗಿ ಹಲ್ಲುಗಳಿಗೆ ಮೆತ್ತಿಕೊಳ್ಳುವುದಿಲ್ಲ. ಅಂಚುಗಳನ್ನು ಒದ್ದೆ ಮಾಡಿದ 400 ಗ್ರಿಟ್‌ನ ಉಜ್ಜುಕಾಗದದಿಂದ ಆರಂಭಿಸಿ 1000 ಗ್ರಿಟ್‌ನವರೆಗೆ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ತಿಕ್ಕಿ, ಪಾಲಿಶ್ ಹಚ್ಚಿದರೆ ಗಾಜಿನಂತಹ ಹೊಳಪು ಬರುತ್ತದೆ. ಬಳೆಗಾಗಿ ಹಾಳೆಯನ್ನು ಸುಮಾರು 150–160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಿಸುವ ಕ್ರಮವನ್ನು ಕೈಪಿಡಿ ಸರಿಯಾಗಿಯೇ ವಿವರಿಸಿದೆ. ಆದರೆ ಅಡುಗೆಯ ಓವನ್ ಬಳಸಬಾರದು, ಗಾಳಿಯಾಡುವಂತಿರಬೇಕು ಎಂಬ ಮುಖ್ಯ ಎಚ್ಚರಿಕೆಯನ್ನು ಕೊನೆಯ ಪುಟದ ಮೂಲೆಗೆ ತಳ್ಳಿರುವುದು ಒಪ್ಪತಕ್ಕದ್ದಲ್ಲ. ಜೊತೆಗಿರುವ ಸೂಪರ್ ಗ್ಲೂನ ಆವಿಯಿಂದ ಬೆಸುಗೆಯ ಸುತ್ತ ಬಿಳಿ ಮಸುಕು ಕವಿಯುತ್ತದೆ, ಕಪ್ಪು ಹಾಳೆಯಲ್ಲಂತೂ ಅದು ಎದ್ದು ಕಾಣುತ್ತದೆ. ಅಕ್ರಿಲಿಕ್‌ಗೆಂದೇ ಇರುವ, ಹಾಳೆಯ ಮೇಲ್ಮೈಯನ್ನೇ ತುಸು ಕರಗಿಸಿ ಬೆಸೆಯುವ ದ್ರಾವಕ ಅಂಟನ್ನು ಬೇರೆಯಾಗಿ ಕೊಳ್ಳುವುದು ಲೇಸು.