ಹೈರೈಡರ್ ಹೈಬ್ರಿಡ್ ಜೊತೆ ಎರಡೂಕಾಲು ವರ್ಷ: ಐವರ ಸಂಸಾರಕ್ಕೆ ಒಂದು ಎಸ್‌ಯುವಿ

ಷೋರೂಮಿಗೆ ಹೋದ ದಿನ ನಾವು ಮೊದಲು ಮಾಡಿದ ಕೆಲಸ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿದ್ದು. ಅವರಿಗೆ 72 ವರ್ಷ, ಎರಡೂ ಮಂಡಿ ಸವೆದಿವೆ. ನಮ್ಮ ಹಳೆಯ ಚಿಕ್ಕ ಕಾರಿನಲ್ಲಿ ಅವರು ಕೂರುವುದೆಂದರೆ ತಗ್ಗಿಗೆ ಇಳಿದಂತೆ ಆಗುತ್ತಿತ್ತು, ಏಳಿಸುವಾಗ ಇಬ್ಬರು ಕೈ ಹಿಡಿಯಬೇಕಿತ್ತು. ಅದಕ್ಕೆ ಹೆದರಿ ದೊಡ್ಡ ಗಾಡಿಗಳನ್ನು ನೋಡಲು ಹೋದರೆ ಅಲ್ಲಿ ಮೆಟ್ಟಿಲು ಹತ್ತಿದಂತೆ ಕಾಲು ಎತ್ತಿಡಬೇಕಾಗಿತ್ತು. ಈ ಕಾರಿನ ಸೀಟು ಹೆಚ್ಚುಕಡಿಮೆ ಅವರ ಸೊಂಟದ ಎತ್ತರಕ್ಕೇ ಇತ್ತು. ಬೆನ್ನು ತಿರುಗಿಸಿ ಅಂಚಿನಲ್ಲಿ ಕುಳಿತರು, ಬಾಗಿಲ ಮೇಲಿನ ಹಿಡಿಯನ್ನು ಹಿಡಿದರು, ಒಂದೊಂದೇ ಕಾಲನ್ನು ಒಳಗೆ ಎಳೆದುಕೊಂಡರು, ಸೆರಗನ್ನು ಮಡಿಲಿಗೆ ಸೇರಿಸಿಕೊಂಡರು. "ಇದ್ರಲ್ಲಿ ಯಾರ ಕೈಯೂ ಹಿಡೀಬೇಕಾಗಿಲ್ಲ ಕಣೋ" ಎಂದರು. ನನ್ನ ಮಟ್ಟಿಗೆ ಅರ್ಧ ನಿರ್ಧಾರ ಅಲ್ಲಿಯೇ ಆಗಿತ್ತು. ವಯಸ್ಸಾದವರು ಇರುವ ಮನೆಯವರು ಕಾರಿನ ಉಳಿದ ಎಲ್ಲ ಗುಣಗಳನ್ನು ಅಳೆಯುವ ಮೊದಲು ಸೀಟಿನ ಎತ್ತರವನ್ನು ಅಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಾವು ಕೊಂಡದ್ದು ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್ (ಅಂದರೆ ಎಂಜಿನ್ ನಿಲ್ಲಿಸಿ ವಿದ್ಯುತ್ ಮೋಟಾರಿನಿಂದಲೇ ಸ್ವಲ್ಪ ದೂರ ಓಡಬಲ್ಲದ್ದು), ಮೇಲಿನ ದರ್ಜೆಯದು. 2022ರ ಜುಲೈನಲ್ಲಿ ಅನಾವರಣಗೊಂಡು ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಲೆ ಘೋಷಣೆಯಾದ ಈ ಕಾರನ್ನು ಟೊಯೊಟಾ ಮತ್ತು ಸುಜುಕಿ ಸೇರಿ ರೂಪಿಸಿದವು. ಮಾರುತಿ ಮಾರುವ ಗ್ರ್ಯಾಂಡ್ ವಿಟಾರಾ ಇದರ ಸೋದರ. ಎರಡೂ ತಯಾರಾಗಿದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ಮೈಸೂರು ರಸ್ತೆಯಲ್ಲಿ ಆ ಕಾರ್ಖಾನೆಯ ಕಡೆಗೆ ಹೋಗುವಾಗಲೆಲ್ಲ ಮಗ "ನಮ್ಮ ಕಾರು ಹುಟ್ಟಿದ ಊರು" ಎಂದು ಕೂಗುವುದು ಮನೆಯ ರೂಢಿಯೇ ಆಗಿಬಿಟ್ಟಿದೆ. ಎರಡೂಕಾಲು ವರ್ಷದಲ್ಲಿ ನಮ್ಮ ಗಾಡಿ 34,000 ಕಿ.ಮೀ. ಓಡಿದೆ. ಮುಂದೆ ನಾನು ಮತ್ತು ನನ್ನ ಹೆಂಡತಿ, ಹಿಂದೆ ಅಮ್ಮ, ಹನ್ನೊಂದರ ಮಗಳು, ಆರರ ಮಗ: ಅಂದರೆ ಐದು ಸೀಟೂ ಭರ್ತಿ. ಈ ಅನುಭವ ಅಂಥ ಸಂಸಾರದ್ದು ಎಂಬುದನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ವಾರಕ್ಕೆ ಮೂರು ದಿನ ನಾನು ರಾಜರಾಜೇಶ್ವರಿ ನಗರದಿಂದ ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್ ದಾಟಿ ಮಾರತ್ತಹಳ್ಳಿಗೆ ಹೋಗುತ್ತೇನೆ. ಆ ದಾರಿಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ಟ್ರಾಂಗ್ ಹೈಬ್ರಿಡ್ ಎಂಬ ತಂತ್ರದ ನಿಜವಾದ ಬೆಲೆ ನನಗೆ ತಿಳಿದದ್ದು ಅಲ್ಲಿಯೇ. ಈ ಕಾರಿನಲ್ಲಿ ಒಂದೂವರೆ ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಮತ್ತು 0.76 ಕಿಲೋವ್ಯಾಟ್ ಅವರ್‌ನ ಲಿಥಿಯಂ ಅಯಾನ್ ಬ್ಯಾಟರಿ ಇವೆ. ಆ ಬ್ಯಾಟರಿ ವಿದ್ಯುತ್ ಕಾರುಗಳ ಬ್ಯಾಟರಿಯ ಮುಂದೆ ತೀರಾ ಚಿಕ್ಕದು, ಅದನ್ನು ಗೋಡೆಯ ಪ್ಲಗ್ಗಿಗೆ ಹಾಕುವಂತಿಲ್ಲ. ಎಂಜಿನ್ನೂ, ಬ್ರೇಕ್ ಒತ್ತಿದಾಗ ಚಕ್ರಗಳೂ ಅದನ್ನು ತುಂಬುತ್ತವೆ. ಮುಂದಿನ ಗಾಡಿ ಹತ್ತು ಮೀಟರ್ ಸರಿದು ನಿಂತು, ಮತ್ತೆ ಹತ್ತು ಮೀಟರ್ ಸರಿಯುವ ಹೊತ್ತಿನಲ್ಲಿ ನಮ್ಮ ಎಂಜಿನ್ ಬಹುಪಾಲು ನಿಂತೇ ಇರುತ್ತದೆ, ಮೀಟರಿನ ಫಲಕದಲ್ಲಿ 'ಇವಿ' ಎಂಬ ಗುರುತು ಬೆಳಗುತ್ತಿರುತ್ತದೆ, ಎ.ಸಿ. ಮಾತ್ರ ತನ್ನ ಪಾಡಿಗೆ ತಂಪು ಕೊಡುತ್ತಿರುತ್ತದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೂ ಅಷ್ಟೇ ಮೌನ. ಮೊದಲ ವಾರ ಅಮ್ಮ ದಿನವೂ "ಗಾಡಿ ಸ್ಟಾರ್ಟ್ ಆಯ್ತೇನೋ?" ಎಂದು ಕೇಳುತ್ತಿದ್ದರು. ಸಂಜೆ ಏಳೂವರೆಗೆ ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ಕಳೆದು ಮನೆಗೆ ಬಂದ ಮೇಲೂ ಮೊದಲಿನಷ್ಟು ದಣಿವಾಗದೆ ಇರುವುದಕ್ಕೆ ಈ ಮೌನವೂ ಒಂದು ಕಾರಣವೆಂದು ನನಗೆ ಖಾತ್ರಿಯಾಗಿದೆ. ಕ್ಲಚ್ ಇಲ್ಲ, ಗೇರು ಬದಲಾಗುವ ಎಳೆತವಿಲ್ಲ, ನಡುಕವಿಲ್ಲ.

ಮೈಲೇಜಿನ ಮಾತಿಗೆ ಬರೋಣ. ಪ್ರಮಾಣೀಕೃತ ಅಂಕಿ ಲೀಟರಿಗೆ 27.97 ಕಿ.ಮೀ. ಟ್ಯಾಂಕ್ ಪೂರ್ತಿ ತುಂಬಿಸಿ, ಮತ್ತೆ ತುಂಬಿಸುವಾಗ ಹಿಡಿದ ಪೆಟ್ರೋಲನ್ನು ಓಡಿದ ದೂರದ ಜೊತೆ ಲೆಕ್ಕ ಹಾಕುವ ಹಳೆಯ ಪದ್ಧತಿಯನ್ನೇ ನಾನು ಪಾಲಿಸುತ್ತೇನೆ. ಹಾಗೆ ನೋಡಿದರೆ ನಗರದಲ್ಲಿ 22ರ ಆಸುಪಾಸು, ಹೆದ್ದಾರಿಯಲ್ಲಿ ಗಂಟೆಗೆ 90ರಿಂದ 100ರ ವೇಗದಲ್ಲಿ 20 ಸಿಗುತ್ತದೆ. ಬೇರೆ ಕಾರುಗಳಲ್ಲಿ ಊರೊಳಗೆ ಕಡಿಮೆ, ಹೊರಗೆ ಹೆಚ್ಚು ಕೊಡುವುದು ವಾಡಿಕೆ. ಇಲ್ಲಿ ಅದು ತಿರುಗುಮುರುಗಾಗಿದೆ. ಹಾಗೆಂದು ಹಣದ ಲೆಕ್ಕವನ್ನು ಕುರುಡಾಗಿ ನಂಬಬಾರದು. ಇದೇ ಕಾರು ಮೈಲ್ಡ್ ಹೈಬ್ರಿಡ್ ಆಗಿಯೂ ಬರುತ್ತದೆ, ಅದರಲ್ಲಿ ಚಿಕ್ಕ ಮೋಟಾರು ಎಂಜಿನ್ನಿಗೆ ನೆರವಾಗುತ್ತದೆಯೇ ಹೊರತು ಒಂಟಿಯಾಗಿ ಗಾಡಿಯನ್ನು ಓಡಿಸದು. ಬಿಡುಗಡೆಯ ಹೊತ್ತಿನಲ್ಲಿ ಅದೇ ದರ್ಜೆಯ ಮೈಲ್ಡ್ ಹೈಬ್ರಿಡ್ ಆಟೊಮ್ಯಾಟಿಕ್‌ಗೂ ಇದಕ್ಕೂ ಷೋರೂಮ್ ಬೆಲೆಯಲ್ಲಿ ಸುಮಾರು 2 ಲಕ್ಷ ರೂಪಾಯಿಯ ಅಂತರವಿತ್ತು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ. 17ರ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್ ಇರುವುದರಿಂದ ಆ ಅಂತರ ನಮ್ಮ ಕೈಯಿಂದ ಹೋಗುವಾಗ 2 ಲಕ್ಷದ 40 ಸಾವಿರದ ಹತ್ತಿರಕ್ಕೆ ಬರುತ್ತದೆ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆಯನ್ನೇ ಬಿಟ್ಟುಕೊಟ್ಟರು. ಕಾರು ಹುಟ್ಟುವ ನಮ್ಮ ರಾಜ್ಯದಲ್ಲಿ ನಾವು ಪೂರ್ತಿ ಕಟ್ಟಿದೆವು, ಇದು ನನಗೆ ಇಂದಿಗೂ ಬೇಸರದ ಸಂಗತಿ. ನಮ್ಮ ಅಪಾರ್ಟ್‌ಮೆಂಟಿನ ಗೆಳೆಯರೊಬ್ಬರ ಮೈಲ್ಡ್ ಹೈಬ್ರಿಡ್ ಇದೇ ಸಂಚಾರದಲ್ಲಿ 13 ಕೊಡುತ್ತದೆ. ಲೀಟರಿಗೆ 102 ರೂಪಾಯಿ ದಾಟಿದ ಪೆಟ್ರೋಲಿನ ಲೆಕ್ಕದಲ್ಲಿ, ತಿಂಗಳಿಗೆ 1,200 ಕಿ.ಮೀ. ಓಡಿಸುವ ನನಗೆ ಸುಮಾರು 3,800 ರೂಪಾಯಿ ಉಳಿಯುತ್ತದೆ. ಹೆಚ್ಚು ಕೊಟ್ಟ ಹಣ ಮರಳಿ ಬರಲು ಐದು ವರ್ಷಕ್ಕಿಂತ ತುಸು ಜಾಸ್ತಿ ಬೇಕು. ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವರಿಗೆ ಅದೇ ಲೆಕ್ಕ ಹನ್ನೆರಡು ವರ್ಷ ದಾಟುತ್ತದೆ. ಅಂಥವರು ಮೈಲೇಜನ್ನು ನಂಬಿ ಇದನ್ನು ಕೊಳ್ಳಬಾರದು.

ಇನ್ನು ಡಿಕ್ಕಿ. ಬ್ಯಾಟರಿಯನ್ನು ಡಿಕ್ಕಿಯ ನೆಲದ ಕೆಳಗೆ ಇಟ್ಟಿರುವುದರಿಂದ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಆ ನೆಲ ಎತ್ತರವಾಗಿದೆ, ಜಾಗ ಮೈಲ್ಡ್ ಹೈಬ್ರಿಡ್‌ಗಿಂತ ಕಣ್ಣಿಗೆ ಕಾಣುವಷ್ಟು ಕಡಿಮೆ ಇದೆ. ಷೋರೂಮಿನಲ್ಲಿ ಖಾಲಿ ಡಿಕ್ಕಿಯನ್ನು ನೋಡಿದಾಗ ಇದು ಅಷ್ಟು ದೊಡ್ಡ ವಿಷಯವೆನ್ನಿಸುವುದಿಲ್ಲ. ತೀರ್ಥಹಳ್ಳಿ ಸಮೀಪದ ನಮ್ಮ ಊರಿಗೆ ಹೋಗುವಾಗ ಇಬ್ಬರು ಮಕ್ಕಳ ಬಟ್ಟೆ, ಅಮ್ಮನ ಔಷಧಿಯ ಚೀಲ, ನಾದಿನಿಯ ಮನೆಗೆ ಒಯ್ಯುವ ಸಾಮಾನು ಎಲ್ಲವನ್ನೂ ಹೇಗೋ ಹೊಂದಿಸಬಹುದು. ಬರುವಾಗಿನ ಕಥೆಯೇ ಬೇರೆ. ಮಲೆನಾಡಿನ ಮನೆಯಿಂದ ಬರಿಗೈಯಲ್ಲಿ ಬರುವುದುಂಟೇ? ಮಿಡಿ ಉಪ್ಪಿನಕಾಯಿಯ ಭರಣಿ, ಒಂದು ಹಲಸಿನ ಹಣ್ಣು, ಎರಡು ಗೊನೆ ಬಾಳೆ, ಸುಲಿದ ತೆಂಗಿನಕಾಯಿಯ ಅರ್ಧ ಮೂಟೆ ಜಗಲಿಯ ಮೇಲೆ ಸಾಲಾಗಿ ಕಾಯುತ್ತಿರುತ್ತವೆ. ಹಿಂದಿನ ಸೀಟನ್ನು ಪಾಲು ಮಾಡಿ ಮಡಚುವ ಸೌಕರ್ಯವಿದೆ, ಆದರೆ ಮೂವರು ಕುಳಿತಿರುವಾಗ ಅದರಿಂದ ಏನು ಪ್ರಯೋಜನ? ಮೊದಲ ಸಲ ಒಂದು ದೊಡ್ಡ ಗಟ್ಟಿ ಸೂಟ್‌ಕೇಸನ್ನು ಒಯ್ದಿದ್ದು ನಮ್ಮದೇ ತಪ್ಪು. ಅದನ್ನು ಮಲಗಿಸಿಟ್ಟರೆ ಅದರ ಮೇಲೆ ಬೆನ್ನಿಗೆ ಹಾಕುವ ಎರಡು ಬ್ಯಾಗು ಹಿಡಿಸುತ್ತಿದ್ದವು, ಅಲ್ಲಿಗೆ ಡಿಕ್ಕಿ ಮುಗಿಯುತ್ತಿತ್ತು. ಈಗ ಗಟ್ಟಿ ಪೆಟ್ಟಿಗೆಗಳನ್ನು ಮನೆಯಲ್ಲಿಯೇ ಬಿಟ್ಟು ಬಟ್ಟೆಯ ಚೀಲಗಳನ್ನೇ ಒಯ್ಯುತ್ತೇವೆ. ಭರಣಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲಗಳ ನಡುವೆ ನಿಲ್ಲಿಸುತ್ತೇವೆ, ತೆಂಗಿನಕಾಯಿಯ ಮೂಟೆಯನ್ನು ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕಿಸಿ ಮರುದಿನ ಬೆಳಿಗ್ಗೆ ಬಿಡಿಸಿಕೊಳ್ಳುತ್ತೇವೆ. ಹೊಂದಿಕೊಂಡಿದ್ದೇವೆ, ನಿಜ. ಆದರೂ ಐವರ ಸಂಸಾರದವರು ಕೊಳ್ಳುವ ಮುನ್ನ ತಮ್ಮದೇ ಚೀಲಗಳನ್ನು ಷೋರೂಮಿಗೆ ಒಯ್ದು ಇಟ್ಟು ನೋಡಬೇಕು. ಅದಕ್ಕೆ ಸಂಕೋಚ ಬೇಡ.

ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು, ತರೀಕೆರೆಯ ಮೂಲಕ ಶಿವಮೊಗ್ಗ ಮುಟ್ಟುವ ದಾರಿಯಲ್ಲಿ ಕಾರು ನೆಮ್ಮದಿಯಾಗಿ ಓಡುತ್ತದೆ. ಊರೂರಿನ ಬಣ್ಣವಿಲ್ಲದ ರಸ್ತೆ ಉಬ್ಬುಗಳನ್ನು ಐವರು ಕುಳಿತು ಡಿಕ್ಕಿ ತುಂಬಿರುವಾಗಲೂ ಹೊಟ್ಟೆ ತಾಗಿಸದೆ ದಾಟುತ್ತದೆ. ಎಂಜಿನ್ ಮತ್ತು ಮೋಟಾರು ಸೇರಿ ಕೊಡುವ ಶಕ್ತಿ ಸುಮಾರು 116 ಅಶ್ವಶಕ್ತಿ. ಅದು ಸಂಸಾರದ ಕಾರಿಗೆ ಸಾಕಾಗುವಷ್ಟು, ಪೈಪೋಟಿಗೆ ಆಗುವಷ್ಟಲ್ಲ. ಎರಡು ಪಥದ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕಬೇಕಾದರೆ ಎದುರಿನ ದಾರಿ ಚೆನ್ನಾಗಿ ಖಾಲಿಯಾಗುವವರೆಗೂ ಕಾಯುವುದನ್ನು ನಾನು ಕಲಿತೆ. ವೇಗವರ್ಧಕವನ್ನು ಪೂರ್ತಿ ಒತ್ತಿದರೆ ಎಂಜಿನ್ ಒಂದೇ ಏರುದನಿಯಲ್ಲಿ ನಿಂತು, ವೇಗ ನಿಧಾನವಾಗಿ ಅದರ ಹಿಂದೆ ಏರುತ್ತದೆ. ಹಂತಹಂತದ ಗೇರುಗಳಿಲ್ಲದ ಈ ಏರ್ಪಾಟಿನ ಸ್ವಭಾವ ಹಾಗೆ, ಮೊದಲ ಸಲ ಕೇಳಿದವರು ಗಾಡಿಗೆ ಏನೋ ಆಯಿತೆಂದು ಗಾಬರಿಯಾಗಬಾರದು.

ಆಗುಂಬೆ ಘಾಟಿಯಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೇಲಿನಿಂದ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹಳೆಯ ಆಟೊಮ್ಯಾಟಿಕ್ ಕಾರಿನ ಬ್ರೇಕು ಸುಟ್ಟ ವಾಸನೆ ಬರುತ್ತಿದ್ದುದು ನನಗೆ ನೆನಪಿದೆ. ಇದರಲ್ಲಿ ಗೇರಿನ ಹಿಡಿಯನ್ನು ಮಾಮೂಲಿ ಓಟದ ಡಿ ಇಂದ ಇಳಿಜಾರಿನಲ್ಲಿ ತಡೆಯುವ ಬಿ ಗೆ ಎಳೆದರೆ ಸಾಕು, ಯಾರೋ ಹಿಂದಿನಿಂದ ಹಗ್ಗ ಹಿಡಿದು ಇಳಿಸುತ್ತಿರುವಂತೆ ಗಾಡಿ ತಾನೇ ತಡೆದು ಇಳಿಯುತ್ತದೆ. ಚಕ್ರಗಳು ಮೋಟಾರನ್ನು ತಿರುಗಿಸಿ ಬ್ಯಾಟರಿಯನ್ನು ತುಂಬುತ್ತಾ ಹೋಗುತ್ತವೆ. ಏಳೆಂಟು ತಿರುವು ಕಳೆಯುವಷ್ಟರಲ್ಲಿ ಬ್ಯಾಟರಿಯ ಗೆರೆಗಳೆಲ್ಲ ತುಂಬಿಬಿಟ್ಟವು, ಆಮೇಲೆ ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದು ಜೋರಾಯಿತು. ಕಾಲು ವೇಗವರ್ಧಕದ ಮೇಲೆ ಇರಲೇ ಇಲ್ಲ. ತುಂಬಿದ ಬ್ಯಾಟರಿ ಇನ್ನು ಕರೆಂಟು ತೆಗೆದುಕೊಳ್ಳಲಾರದು ಎಂಬ ಕಾರಣಕ್ಕೆ ಕಾರು ಎಂಜಿನ್ನನ್ನೇ ತಿರುಗಿಸಿ ಅದರ ತಡೆಯಿಂದ ಗಾಡಿಯನ್ನು ಹಿಡಿದಿಡುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಕೆಳಗೆ ನಿಲ್ಲಿಸಿ ಇಳಿದು ನೋಡಿದಾಗ ಚಕ್ರಗಳಿಂದ ಯಾವ ವಾಸನೆಯೂ ಬರಲಿಲ್ಲ. ಹತ್ತುವಾಗ ಮಾತ್ರ ಆ ಚಿಕ್ಕ ಬ್ಯಾಟರಿ ಬೇಗ ಬರಿದಾಗಿ ಎಂಜಿನ್ ಒಂಟಿಯಾಗಿ ದುಡಿಯುತ್ತದೆ. ಮಕ್ಕಳ ಹಾಡಿಗಿಂತ ಅದರ ಸದ್ದೇ ಮೇಲಾಗುತ್ತದೆ.

ಆಷಾಢದ ಮಳೆಯಲ್ಲಿ ಊರಿನ ಮನೆಯ ಏರುದಾರಿಗೆ ಪಾಚಿ ಕಟ್ಟಿದಾಗ ಮುಂದಿನ ಚಕ್ರಗಳು ಇದ್ದಲ್ಲೇ ತಿರುಗಿದ್ದೂ ಉಂಟು. ಅಡಿಕೆಯ ಸೋಗೆ ಹಾಸಿ ಹತ್ತಿಸಿದೆವು. ಈ ಕಾರು ಬಿಡುಗಡೆಯಾದಾಗ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಏರ್ಪಾಟು ಇದ್ದದ್ದು ಮ್ಯಾನ್ಯುಯಲ್ ಗೇರಿನ ಮೈಲ್ಡ್ ಹೈಬ್ರಿಡ್‌ನಲ್ಲಿ. ನಮ್ಮದು ಮುಂಚಕ್ರದ ಚಾಲನೆ ಎಂಬುದನ್ನು ಅರಿತೇ ಕೊಂಡಿದ್ದೆವು.

ಹಿಂದಿನ ಸೀಟಿನಲ್ಲಿ ಅಮ್ಮನೂ ಇಬ್ಬರು ಮಕ್ಕಳೂ ಆರಾಮವಾಗಿ ಕೂರುತ್ತಾರೆ, ಮೂವರು ದೊಡ್ಡವರಾದರೆ ಭುಜಕ್ಕೆ ಭುಜ ತಾಗುತ್ತದೆ. ನಡುವಿನವರಿಗೂ ಮೂರು ಬಿಂದುವಿನ ಬೆಲ್ಟ್ ಇರುವುದು ನಾನು ಬಹಳ ಮೆಚ್ಚುವ ಅಂಶ, ಮಗ ಅಲ್ಲಿ ಬೂಸ್ಟರ್ ಸೀಟಿನ ಮೇಲೆ ಕೂರುತ್ತಾನೆ. ದೊಡ್ಡ ಗಾಜಿನ ಚಾವಣಿ ಮಕ್ಕಳಿಗೆ ಮಳೆ ನೋಡಲು ಚೆಂದ. ಓಡುವ ಕಾರಿನಲ್ಲಿ ಅದನ್ನು ತೆರೆದು ಮಕ್ಕಳನ್ನು ನಿಲ್ಲಿಸುವ ತಂದೆತಾಯಿಯರನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಒಂದು ದಿನವೂ ಅವಕಾಶ ಕೊಟ್ಟಿಲ್ಲ.

ಒಂದು ಅವಘಡವನ್ನು ಇಲ್ಲಿ ಹೇಳಲೇಬೇಕು. ಕಳೆದ ಬೇಸಿಗೆಯಲ್ಲಿ ಮೂರು ವಾರ ರೈಲಿನಲ್ಲಿ ಪ್ರವಾಸ ಹೋಗಿ ಬಂದಾಗ ಕಾರು ಉಸಿರಾಡಲಿಲ್ಲ. ರಿಮೋಟ್ ಒತ್ತಿದರೆ ಬಾಗಿಲೂ ತೆರೆಯಲಿಲ್ಲ, ಕೀಲಿಯೊಳಗೆ ಅಡಗಿರುವ ಲೋಹದ ಕೀಲಿಯನ್ನು ಹೊರತೆಗೆದು ತೆರೆದೆವು. ಸ್ವಲ್ಪ ಹಿಂದೆ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಡ್ಯಾಶ್‌ಕ್ಯಾಮ್ ಹಾಕಿಸಿದ್ದೆ, ಅವರು ಅದರ ತಂತಿಯನ್ನು ಸದಾ ಕರೆಂಟು ಇರುವ ಕಡೆಗೆ ಜೋಡಿಸಿಬಿಟ್ಟಿದ್ದರು. ಹೈಬ್ರಿಡ್ ಕಾರಿನಲ್ಲಿಯೂ ಎಲ್ಲ ಕಾರುಗಳಂತೆ 12 ವೋಲ್ಟಿನ ಒಂದು ಮಾಮೂಲಿ ಬ್ಯಾಟರಿ ಇರುತ್ತದೆ, ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಕೊಟ್ಟು ಎಬ್ಬಿಸಿದೆವು, ಕ್ಯಾಮೆರಾದ ತಂತಿಯನ್ನು ಕಿತ್ತು ಸರಿಯಾದ ಕಡೆ ಹಾಕಿಸಿದೆ. ಹೈಬ್ರಿಡ್ ಕೊಂಡವರು ಹೊರಗಿನ ಅಂಗಡಿಯಲ್ಲಿ ಒಂದು ತಂತಿಯನ್ನೂ ಕತ್ತರಿಸಲು ಬಿಡಬಾರದು, ಅದರಿಂದ ವಾರಂಟಿಗೂ ಕುತ್ತು ಬರಬಹುದು. ಕಾರಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷದ 60 ಸಾವಿರ ಕಿ.ಮೀ. ವಾರಂಟಿ ಇದೆ. ಬ್ಯಾಟರಿಯ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಅಷ್ಟೇ. ಸರ್ವೀಸಿನ ಮಟ್ಟಿಗೆ ಈವರೆಗೆ ಎಂಜಿನ್ ಆಯಿಲು, ಫಿಲ್ಟರುಗಳ ಆಚೆಗೆ ಖರ್ಚು ಬಂದಿಲ್ಲ. ತಡೆಯುವ ಕೆಲಸದಲ್ಲಿ ಮೋಟಾರೂ ಪಾಲು ಹೊರುವುದರಿಂದ ಬ್ರೇಕ್ ಪ್ಯಾಡುಗಳು ಇನ್ನೂ ದಪ್ಪವಾಗಿಯೇ ಇವೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಭಾವ ಕಾರಿನ ಸುತ್ತ ಎರಡು ಸುತ್ತು ಬಂದು, ತಮಗೂ ಇದನ್ನೇ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಅವರ ಓಡಾಟ ದಿನಕ್ಕೆ ತೋಟದಿಂದ ಪೇಟೆಗೆ ಎಂಟು ಕಿ.ಮೀ., ಹಿಂದೆ ಅಡಿಕೆ ಚೀಲ, ಮಳೆಗಾಲದಲ್ಲಿ ಕೆಸರು. "ಭಾವ, ನಿಮ್ಗೆ ಇದು ಬೇಡ. ಇದ್ರಲ್ಲೇ ನಾಲ್ಕು ಚಕ್ರಕ್ಕೂ ಎಳೆತ ಇರೋದು ಬರುತ್ತೆ, ಅದನ್ನ ನೋಡಿ" ಎಂದೆ. ಅವರು ಮರುಮಾತಾಡದೆ ಡಿಕ್ಕಿಯನ್ನು ತೆರೆದರು, ಅಂಗಳದಲ್ಲಿದ್ದ ಒಂದು ಖಾಲಿ ಗೋಣಿಚೀಲವನ್ನು ತಂದು ನೆಲದ ಮೇಲೆ ಹಾಸಿ ಅಳತೆ ನೋಡಿದರು, ಮತ್ತೆ ಮುಚ್ಚಿದರು.