ಸ್ಪಾನ್ಸರ್ಸಾ, ಕಲೆಕ್ಟಿವಾ, ಗ್ರಾಂಟಾ?

ತೀರ್ಥಹಳ್ಳಿಯಲ್ಲಿ ಕೂತು ಓಪನ್ ಸೋರ್ಸ್ ಕೋಡ್ (ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದದ್ದು) ಬರೆಯುವ ಗೆಳೆಯನಿಗೆ, ಆ ಕೆಲಸಕ್ಕೆ ದುಡ್ಡು ಎಲ್ಲಿಂದ ಹೊಂದಿಸುವುದು ಅಂತ ಇದೇ ಗೊಂದಲ.

ಒಬ್ಬನೇ ಆದರೆ, ಕೋಡ್ ಹಂಚಿಕೊಳ್ಳುವ ತಾಣದಲ್ಲಿ ಮೆಚ್ಚಿದವರು ಬರೆದವರಿಗೆ ಹಣ ಕೊಡಲೆಂದು 2019ರಲ್ಲಿ ಶುರುವಾದ ಗಿಟ್‌ಹಬ್ ಸ್ಪಾನ್ಸರ್ಸ್ ಸುಲಭ. ವೈಯಕ್ತಿಕ ಖಾತೆಯಿಂದ ಕೊಟ್ಟ ಹಣಕ್ಕೆ ಗಿಟ್‌ಹಬ್ ಕಮಿಷನ್ ಹಿಡಿಯುವುದಿಲ್ಲ. ಆದರೆ ದುಡ್ಡು ಸೇರುವುದು ಹೆಸರು ಮಾಡಿದವನಿಗೆ. ರಾತ್ರಿಯೆಲ್ಲ ಬಗ್ (ಕೋಡಿನ ತಪ್ಪು) ಹುಡುಕಿದವಳಿಗೆ ಸುಮ್ನೆ ಒಂದು ಥ್ಯಾಂಕ್ಸ್.

ನಾಲ್ಕೈದು ಜನ ಇದ್ದರೆ, ಗುಂಪಿನ ಹೆಸರಲ್ಲಿ ಹಣ ಕೂಡಿಸುವ ತಾಣ ಓಪನ್ ಕಲೆಕ್ಟಿವ್ ವಾಸಿ. ನಮ್ಮಲ್ಲಿ ಅಡಿಕೆ ಸುಲಿತದ ಲೆಕ್ಕ ಗೊತ್ತಲ್ವಾ? ಸುಲಿದದ್ದನ್ನು ಎಲ್ಲರೆದುರೇ ಡಬ್ಬದಲ್ಲಿ ಅಳೆದು ಬರೆದುಕೊಳ್ಳುತ್ತಾರೆ, ಯಾರಿಗೂ ಅನುಮಾನ ಉಳಿಯಲ್ಲ. ಇಲ್ಲೂ ಹಾಗೇ. ಎಷ್ಟು ಬಂತು, ಯಾರಿಗೆ ಯಾವ ಕೆಲಸಕ್ಕೆ ಹೋಯಿತು, ಎಲ್ಲ ಬಹಿರಂಗ. ಹಣ ಇಟ್ಟುಕೊಳ್ಳುವ ಸಂಸ್ಥೆ ಸಾಮಾನ್ಯವಾಗಿ ಒಂದು ಪಾಲು ಮುರಿದುಕೊಳ್ಳುತ್ತದೆ, ಅಷ್ಟೆ. ಕೋಡನ್ನು ಮಾತ್ರ ಡಬ್ಬದಲ್ಲಿ ಅಳೆಯಬೇಡಿ; ಒಂದು ಸಾಲು ತಿದ್ದಲು ಮೂರು ದಿನ ಹಿಡಿಯಬಹುದು. ಗಂಟೆ ಲೆಕ್ಕವೇ ನ್ಯಾಯ ಅಂತ ನನಗನಿಸುತ್ತದೆ.

ಗ್ರಾಂಟ್, ಅಂದರೆ ಅನುದಾನ? ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರಲ್ಲಿ ಘೋಷಿಸಿದ ಫ್ಲಾಸ್ ಫಂಡ್ ಓಪನ್ ಸೋರ್ಸ್ ಕೆಲಸಕ್ಕೆಂದೇ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಿದೆ. ಆಗಲೇ ಜನ ಬಳಸುತ್ತಿರುವ ಪ್ರಾಜೆಕ್ಟ್ ಇದ್ದರೆ ಅರ್ಜಿ ಹಾಕಿ. ನಿನ್ನೆ ಶುರು ಮಾಡಿದ್ದಕ್ಕೆ ಅದು ದೂರದ ಮಾತು.